ಗಾಂಧಿ ಚೌಕದಾಗ ಒದರುವ ಬೆಲ್ಟು

ವಿಜಯಪುರದ ಗಾಂಧಿ ಚೌಕ ನಡೆದಾಡುವವರ ಜಾಗ. ಸಿದ್ಧೇಶ್ವರ ಗುಡಿ ಹತ್ತಿರ, ಬಾರಾ ಕಮಾನೂ ದೂರವಿಲ್ಲ. ಕಾರಿನಲ್ಲಿ ಬಂದವರ ಪಾಡು ಮಾತ್ರ ಬೇರೆ. ಆಟೋ, ಬೈಕು, ತಳ್ಳುಗಾಡಿ, ಅಡ್ಡ ದಾಟುವ ಜನ... ಎಲ್ಲರ ನಡುವೆ ಫಸ್ಟ್ ಗೇರಿನಲ್ಲೇ ತೆವಳಬೇಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಇದ್ದರಂತೂ ಕೇಳೋದೇ ಬೇಡ.

ಕಾರಿನ ಬೆಲ್ಟು ತನ್ನ ಕಷ್ಟ ಹೇಳಿಕೊಳ್ಳೋದು ಇಂಥ ಜಾಗದಲ್ಲೇ. ಎಂಜಿನ್ ನಿಧಾನ ತಿರುಗ್ತಿದೆ, ಮೇಲೆ ಎಸಿ ಹೊರೆ. ಬಾನೆಟ್ ಒಳಗಿಂದ 'ಕಿಂಯ್' ಅಂತ ಒಂದು ಸದ್ದು. ಬೆಂಗಳೂರಿನಿಂದ 500 ಕಿ.ಮೀ.ಗೂ ಹೆಚ್ಚು ಓಡಿಸಿಕೊಂಡು ಬಂದ ನಾವು ಹಾಡಿನ ವಾಲ್ಯೂಮ್ ಏರಿಸಿ ಮುಂದೆ ಹೋಗ್ತೀವಿ. ಗೋಲಗುಮ್ಮಟ ಹತ್ತಿ ಗೋಡೆಗೆ ಕಿವಿಯಿಟ್ಟು ಆಚೆ ಬದಿಯ ಪಿಸುಮಾತು ಕೇಳಿ ಖುಷಿಪಡುವ ನಾವೇ, ನಮ್ಮ ಕಾರಿನ ಕೂಗಿಗೆ ಕಿವುಡರು!

ಚೌಕದಿಂದ ಸ್ವಲ್ಪ ದೂರದ ಒಂದು ಗ್ಯಾರೇಜಿನಲ್ಲಿ ಗೆಳೆಯನ ಕಾರಿನ ಜೊತೆ ಕುಳಿತಿದ್ದೆ. ಮಿಸ್ತ್ರಿ ಬಾನೆಟ್ ಮುಟ್ಟುವ ಮೊದಲೇ ಕೇಳಿದ:

"ಆವಾಜ ಯಾವಾಗ ಬರ್ತದ್ರಿ ಸರ?"

"ಮುಂಜಾನೆ ಚಾಲೂ ಮಾಡಿದ ಕೂಡ್ಲೇ. ಎಸಿ ಹಾಕಿದ್ರ ಇನ್ನೂ ಜೋರ."

"ಬೆಲ್ಟ್ ಒದರತೈತಿ ಅಂತ ಬೆಲ್ಟಿಗೇ ಬೈಬ್ಯಾಡ್ರಿ. ಒದರಸೋ ಪುಲ್ಲಿ ಬ್ಯಾರೆ ಇರ್ತೈತಿ."

ಎಲ್ಲಾ ಗುಟ್ಟು ಆ ಮಾತಿನಲ್ಲೇ ಇದೆ. ಹಿಟ್ಟಿನ ಗಿರಣಿಯ ಪಟ್ಟಾ ನೆನಪಿಸಿಕೊಳ್ಳಿ. ಮೋಟಾರಿನ ಚಕ್ರ ತಿರುಗಿದರೆ ಪಟ್ಟಾ ಓಡಿ ಬೀಸುವ ಕಲ್ಲು ತಿರುಗುತ್ತೆ. ಕಾರಿನಲ್ಲೂ ಹಾಗೇ. ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ ತಿರುಗಿದಾಗ ಒಂದು ಬೆಲ್ಟು ಆಲ್ಟರ್ನೇಟರನ್ನೂ (ಗ್ಯಾರೇಜಿನವರ ಬಾಯಲ್ಲಿ ಡೈನಮೋ) ಎಸಿ ಕಂಪ್ರೆಸರನ್ನೂ ತಿರುಗಿಸುತ್ತೆ. ಹಲವು ಕಾರುಗಳಲ್ಲಿ ವಾಟರ್ ಪಂಪೂ ಅದರದೇ ಪಾಲು. ಇವುಗಳಲ್ಲಿ ಒಂದರ ಬೇರಿಂಗ್ ಸೋತರೂ ಪೆಟ್ಟು ಬೀಳೋದು ಬೆಲ್ಟಿಗೆ. ಬೆಲ್ಟ್ ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತೆ.

ಮಿಸ್ತ್ರಿ ಮಾಡಿದ ಪರೀಕ್ಷೆ ಸರಳ. ಎಂಜಿನ್ ಚಾಲೂ ಇಟ್ಟು, ದೂರದಿಂದ ಬೆಲ್ಟಿನ ಗೆರೆಗಳಿರುವ ಬದಿಗೆ ಸ್ವಲ್ಪ ನೀರು ಚಿಮುಕಿಸಿದ. ಸದ್ದು ಕೆಲವು ಸೆಕೆಂಡು ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅಂತ. ನೀರು ಬಿದ್ದ ಕೂಡಲೇ ಜೋರಾದರೆ ಬೆಲ್ಟ್ ಜಾರುತ್ತಿದೆ, ಟೆನ್ಷನರ್ ನೋಡಬೇಕು. ನೀರಿಗೆ ಕ್ಯಾರೇ ಅನ್ನದೆ 'ಗರಗರ' ಅಂತಿದ್ದರೆ ಯಾವುದೋ ಬೇರಿಂಗ್ ಹೋಗಿದೆ. ಆಮೇಲೆ ಎಂಜಿನ್ ಆಫ್ ಮಾಡಿ, ಬೆಲ್ಟ್ ತೆಗೆದು, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿದ. ಒಂದು ಅಲುಗಾಡಿತು, ಒಳಗೆ ಮರಳು ಸಿಕ್ಕಂತೆ ಕರಕರ ಅಂದಿತು. ಟೆನ್ಷನರ್ ಪುಲ್ಲಿ. ಅದೂ ಬೆಲ್ಟೂ ಎರಡೂ ಬದಲಾದವು, ಸದ್ದು ಹೋಯಿತು.

ನೀರಿನ ಪರೀಕ್ಷೆ ನೀವು ಮಾಡುವುದಾದರೆ ಹುಷಾರು. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ಬಾನೆಟ್ ಹತ್ತಿರ ಬೇಡ. ಸದ್ದು ಅಡಗಿಸಲು ಬೆಲ್ಟಿಗೆ ಸೋಪು ತಿಕ್ಕುವ ಐಡಿಯಾ ಯಾರಾದರೂ ಕೊಟ್ಟರೆ ನಕ್ಕು ಬಿಡಿ. ಕಾಯಿಲೆ ಉಳಿದು ನರಳಾಟ ಮಾತ್ರ ನಿಲ್ಲುತ್ತೆ. 'ಬಿರುಕಿಲ್ಲ, ಬೆಲ್ಟ್ ಚೆನ್ನಾಗಿದೆ' ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಈಗಿನ ಬೆಲ್ಟುಗಳು ಬಿರುಕು ಬಿಡೋದು ಕಡಿಮೆ, ಟೈರಿನ ಹಾಗೆ ಸವೆಯುತ್ತವೆ. ಕೂಲಂಟ್ ಅಥವಾ ಆಯಿಲ್ ಸೋರಿ ಬೆಲ್ಟಿಗೆ ತಾಗಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಬೇಕು.

ಚೌಕದಲ್ಲಿ ಐದು ನಿಮಿಷ ಯಾಕೆ ನಿಲ್ಲಬೇಕು ಅಂತ ಊರು ದಾಟಿದ ಮೇಲೆ ತಿಳಿಯುತ್ತೆ. ಅಥಣಿ ದಾರಿ ಹಿಡಿದರೆ ತಿಕೋಟಾ, ಜಮಖಂಡಿ ದಾರಿ ಹಿಡಿದರೆ ಬಬಲೇಶ್ವರ. ತಿಕೋಟಾ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು ನೋಡೋಕೆ ಚಂದ. ಆದರೆ ಬೇಸಿಗೆಯ 40 ಡಿಗ್ರಿ ಬಿಸಿಲಲ್ಲಿ, ಹಿಂದಿನ ಸೀಟಿನಲ್ಲಿ ಅಜ್ಜಿ, ಮಗು ಇದ್ದಾಗ ಬೆಲ್ಟ್ ಹರಿದರೆ ಚಂದ ಕಾಣೋದಿಲ್ಲ. ಮೊದಲು ಬ್ಯಾಟರಿಯ ಕೆಂಪು ದೀಪ ಹತ್ತುತ್ತೆ. ಎಸಿ ಬಿಸಿಗಾಳಿ ಊದುತ್ತೆ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಳೆಯ ಗಾಡಿಯಾದರೆ ಸ್ಟೀರಿಂಗ್ ಕಲ್ಲಾಗುತ್ತೆ. ಟೆಂಪರೇಚರ್ ಮುಳ್ಳು ಏರಿತೋ, 'ಇನ್ನೊಂದು 5 ಕಿ.ಮೀ. ಅಷ್ಟೇ' ಅನ್ನಬೇಡಿ. ನೆರಳಿನ ಬದಿ ಸೇರಿಸಿ ಎಂಜಿನ್ ಆಫ್ ಮಾಡಿ. ಆ 5 ಕಿ.ಮೀ. ಹೆಡ್ ಗ್ಯಾಸ್ಕೆಟ್ ಸುಡಬಹುದು. ಬೆಲ್ಟಿನ ಖರ್ಚು ಎಂಜಿನ್ ಖರ್ಚಾಗುತ್ತೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ, ಕುದಿನೀರು ಮುಖಕ್ಕೆ ಹಾರುತ್ತೆ.

ಇಷ್ಟೂ ಹೊರಗಿನ ಬೆಲ್ಟಿನ ಮಾತು. ಒಳಗೆ ಮುಚ್ಚಿಕೊಂಡಿರುವ ಟೈಮಿಂಗ್ ಬೆಲ್ಟ್ ಬೇರೆ. ಮಾರುತಿ 800ರಲ್ಲಿ, ಹಳೆಯ ಸ್ಯಾಂಟ್ರೊದಲ್ಲಿ ಅದಿದೆ. ಅನೇಕ ಕಾರುಗಳಲ್ಲಿ ಅದರ ಬದಲು ಚೈನ್ ಇರುತ್ತೆ. ಹೊರಗಿನ ಬೆಲ್ಟು ಒದರಿ ಹೇಳುತ್ತೆ, ಇದು ಒಂದು ಮಾತೂ ಆಡದೆ ಹರಿಯಬಹುದು. ಹರಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಒಳಗೆಲ್ಲಾ ಹಾಳು. ಅದಕ್ಕೆ ಕಿವಿ ಸಾಲದು, ಕಾರಿನ ಪುಸ್ತಕ ತೆಗೆದು ಎಷ್ಟು ಕಿ.ಮೀ.ಗೆ ಬದಲಿಸಬೇಕು ಅಂತ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು, ಕೊನೆಯ ಸಲ ಯಾವಾಗ ಬದಲಾಗಿದೆ ಅಂತ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ.