ಬಿಸಿಲಿನಲ್ಲಿ ಹೊತ್ತ ಮಣ್ಣು

ನಮ್ಮೂರು ಯಲಬುರ್ಗಾ ತಾಲ್ಲೂಕಿನ ಬೇವೂರು. ಊರ ಹೆಸರಿಗೆ ತಕ್ಕಂತೆ ನಮ್ಮ ಅಂಗಳದಲ್ಲೂ ಒಂದು ಬೇವಿನ ಮರವಿದೆ. ಮದುವೆಯಾಗಿ ಬಂದ ದಿನದಿಂದ ಅದರ ಎಲೆ ಗುಡಿಸುವುದು ನನ್ನ ಪಾಲಿನ ಕೆಲಸ. ಬೆಳಗಾಗೆದ್ದು ಕಸ ಗುಡಿಸಿ, ಸೆಗಣಿ ನೀರಿನ ಥಳಿ ಹೊಡೆದು, ನಾಲ್ಕೆಳೆ ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಗಾಳಿ ಮತ್ತೊಂದು ಹಿಡಿ ಎಲೆ ಉದುರಿಸಿರುತ್ತದೆ. ಮಾಡಿದರೆ ಯಾರಿಗೂ ಕಾಣದ, ಬಿಟ್ಟರೆ ಎಲ್ಲರಿಗೂ ಕಾಣುವ ಕೆಲಸವಿದು! ಅಕ್ಕತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಹಳೆಯ ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಇಂಥ ಮನೆಗೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಲೇಬೇಕು. ಬೆಳೆಗೆ ಬಾರದ ಆ ಮಣ್ಣು ಮಾಳಿಗೆಗೆ ಮಾತ್ರ ಬಂಗಾರ. ನೀರು ತಾಗಿದೊಡನೆ ಅದರ ನುಣುಪು ಕಣಗಳು ಬಿಚ್ಚಿಕೊಂಡು ಸಂದುಗೊಂದುಗಳನ್ನು ಮುಚ್ಚಿಬಿಡುತ್ತವೆ. ಮಳೆನೀರು ಒಳಗೆ ಇಂಗದೆ ಹೊರಗೆ ಹರಿದುಹೋಗುತ್ತದೆ. ನಮ್ಮ ಅತ್ತೆಯವರು ಪ್ರತಿವರ್ಷ ಯುಗಾದಿ ಮುಗಿದದ್ದೇ ನಿಚ್ಚಣಿಕೆ ಹತ್ತಿ, ಮಾಳಿಗೆಯ ಮೇಲಿನ ಹುಲ್ಲು ಕಿತ್ತು, ಬುಟ್ಟಿ ಬುಟ್ಟಿ ಮಣ್ಣು ಹರಡುತ್ತಿದ್ದರು.

2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು. ನಮ್ಮ ಹೊಲದ ಹೆಸರು ಹೂವಿನಲ್ಲೇ ಒಣಗಿತು. ಮನೆಯವರು ಗೌಂಡಿ ಕೆಲಸಕ್ಕೆಂದು ಮಂಗಳೂರಿಗೆ ಹೋದರು. ಸಾಲದ ಬಡ್ಡಿ, ಮಕ್ಕಳ ಶಾಲೆ, ಅತ್ತೆಯವರ ಮೊಣಕಾಲು ನೋವು... ದೇವರ ಮುಂದೆ ದೀಪ ಹಚ್ಚುವುದನ್ನು ನಾನು ಬಿಡಲಿಲ್ಲ. ಆದರೆ ಕೈ ಮುಗಿದಾಗ ಮನಸ್ಸು ಅಲ್ಲಿರುತ್ತಿರಲಿಲ್ಲ. ಯಾರಿಗಾಗಿ ಮುಗಿಯಬೇಕು ಅನಿಸುತ್ತಿತ್ತು.

2024ರ ಬೇಸಿಗೆಯಲ್ಲಿ ಅತ್ತೆಗೆ ನಿಚ್ಚಣಿಕೆ ಹತ್ತಲಾಗಲಿಲ್ಲ. “ಮಾಳಿಗಿಗೆ ಮಣ್ಣ ಹಾಕವಾ” ಎಂದು ಎರಡು ಸಲ ಹೇಳಿದರು. ನಾನು ಸಿಡುಕಿದೆ: “ಬರಲಾರದ ಮಳಿಗೆ ಯಾಕ ಮಣ್ಣ ಹೊರಬೇಕ್ರಿ ಅತ್ತಿ?” ಅವರು ಸುಮ್ಮನಾದರು.

ಮೇ ತಿಂಗಳ ಕೊನೆ, ರೋಹಿಣಿ ಮಳೆಯ ಹೊತ್ತು. ಒಂದು ಸಂಜೆ ಧೂಳು ಎದ್ದು ಊರೇ ಕೆಂಪಗಾಯಿತು. ಒಣಹಾಕಿದ ಬಟ್ಟೆ ಬಾಚಿಕೊಂಡೆ, ಕುಳ್ಳು ಒಳಗೆ ಹಾಕಿದೆ, ಬೇವಿನ ಮರಕ್ಕೆ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿ ಕೊಟ್ಟಿಗೆಗೆ ತಂದೆ. ಸಿಡಿಲಿನ ಹೊತ್ತಿನಲ್ಲಿ ಮರದ ಕೆಳಗೆ ಮನುಷ್ಯರೂ ಇರಬಾರದು, ದನವೂ ಇರಬಾರದು. ಬಾಗಿಲು ಹಾಕುವಷ್ಟರಲ್ಲಿ ಮಳೆ ಜಡಿಯಿತು. ಸ್ವಲ್ಪ ಹೊತ್ತಿಗೆ ಒಲೆಯ ಮೇಲೆ ಒಂದು ಹನಿ, ಹಾಸಿಗೆಯ ಮೇಲೆ ಒಂದು ಹನಿ, ಆಮೇಲೆ ಎಲ್ಲೆಲ್ಲೂ. ಕೊಡ, ಬೋಗುಣಿ, ಪರಾತ, ಮನೆಯ ಪಾತ್ರೆಗಳೆಲ್ಲ ನೆಲಕ್ಕಿಳಿದವು. ಸಜ್ಜೆಯ ಚೀಲ ನೆನೆಯಿತು, ಮಗಳ ಪುಸ್ತಕ ನೆನೆಯಿತು. ಹೊರಗೆ ಬೇವಿನ ಕೊಂಬೆ ಮುರಿದ ಸದ್ದು.

“ದೇವರೇ, ನಿಲ್ಲಿಸಪ್ಪಾ” ಎಂದೆ. ಮರುಕ್ಷಣವೇ ನಾಚಿಕೆಯಾಯಿತು. ವರ್ಷವೆಲ್ಲ ಬಾ ಎಂದು ಬೇಡಿದ ಮಳೆಯನ್ನೇ ಹೋಗು ಅನ್ನುತ್ತಿದ್ದೆನಲ್ಲ! ಅಳು ಬಂದುಬಿಟ್ಟಿತು. ಅತ್ತೆ ಬೈಯಲಿಲ್ಲ. ತುಂಬಿದ ಬೋಗುಣಿಯನ್ನು ಬಾಗಿಲಾಚೆ ಚೆಲ್ಲಿ ಬಂದು ಅಂದರು: “ಮಾಡ ಕಂಡ ಮ್ಯಾಲೆ ಮಣ್ಣ ಹೊರೂದು ಹೆದರಿಕಿ. ಬಿಸಲಾಗ ಹೊರೂದು ನಂಬಿಗಿ. ಅಳಬ್ಯಾಡ, ಆ ಕೊಡಾ ತುಂಬೇತಿ ನೋಡು.”

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಅಂಗಳದ ತುಂಬ ಕೊಂಬೆ, ಎಲೆ, ಯಾರದೋ ಮನೆಯ ತಗಡು. ಕಸಬರಿಗೆ ಹಿಡಿದು ಮೂಲೆಯಿಂದ ಶುರುಮಾಡಿದೆ. ಹನ್ನೆರಡನೆಯ ಶತಮಾನದ ಸತ್ಯಕ್ಕನೆಂಬ ಶರಣೆ ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ತನ್ನ ಕಾಯಕ ಮಾಡಿಕೊಂಡಿದ್ದಳು. ನಮ್ಮ ಪಕ್ಕದ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮನ ಗಂಡ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಅದನ್ನು ಹಿಂದಕ್ಕೆ ಕಳಿಸಿದಾಕೆ ಅವಳು. ಶಾಲೆಯಲ್ಲಿ ಓದಿ ಮರೆತಿದ್ದ ಆ ಹೆಂಗಸರು ಅಂದು ನನ್ನ ಜೊತೆ ನಿಂತಂತಾಯಿತು. ಅವರ ಪೂಜೆ ನಡೆದದ್ದೂ ಇಂಥದೇ ಅಂಗಳದಲ್ಲಿ, ಇಂಥದೇ ಕಸದ ನಡುವೆ.

ಮುರಿದ ಕೊಂಬೆ ಒಲೆಗಾಯಿತು. ಎಲೆಯನ್ನು ನೆರಳಲ್ಲಿ ಒಣಗಿಸಿ, ಒಣಗಿಸಿದ ಸಜ್ಜೆಯ ಚೀಲಕ್ಕೆ ಹಾಕಿದೆ, ಹುಳ ಬಾರದಿರಲೆಂದು. ಎರಡು ದಿನ ಬಿಸಿಲು ಬಿದ್ದ ಮೇಲೆ ಸೀರೆ ಎತ್ತಿ ಕಟ್ಟಿ ನಾನೇ ಮಾಳಿಗೆ ಹತ್ತಿದೆ. ನೆರೆಮನೆಯಾಕೆ ಬುಟ್ಟಿ ಎತ್ತಿ ಕೊಟ್ಟಳು. ಎಲ್ಲಿ ಎಷ್ಟು ಹಾಕಬೇಕೆಂದು ಅತ್ತೆ ಕೆಳಗಿನಿಂದಲೇ ಕೂಗಿ ಹೇಳಿದರು. ಮುಂದಿನ ಮಳೆಗೆ ಒಂದೇ ಕಡೆ ಸೋರಿತು. ಅದು ನನ್ನ ಹೊಸ ಕೈಯ ತಪ್ಪು!

ಮನೆಯವರು ಈಗಲೂ ದುಡಿಯಲು ಹೋಗಿ ಬರುತ್ತಾರೆ. ಸಾಲ ಪೂರ್ತಿ ತೀರಿಲ್ಲ. ಮಳೆ ನಮ್ಮ ಮಾತು ಕೇಳುವುದಿಲ್ಲ ಎಂಬುದೂ ಗೊತ್ತು. ಆದರೂ ಯುಗಾದಿ ಕಳೆದದ್ದೇ ನಾನು ಬುಟ್ಟಿ ಹಿಡಿಯುತ್ತೇನೆ. ಹಾದಿಯಲ್ಲಿ ಹೋಗುವವರು, “ಒಂದು ಮಾಡಾನೂ ಇಲ್ಲ, ಈಗ ಯಾಕಬೇ?” ಅನ್ನುತ್ತಾರೆ.

“ಬರತಾವು” ಎಂದಷ್ಟೇ ಹೇಳಿ, ಬುಟ್ಟಿ ತಲೆಗೇರಿಸಿಕೊಳ್ಳುತ್ತೇನೆ.