ಕುರೆಯ ಹಡಗು, ಮನೆಯ ಹಡಗು

ಹಿರೋಶಿಮಾದಿಂದ ರೈಲಿನಲ್ಲಿ ಕಡಲಂಚಿನಲ್ಲೇ ಸಾಗಿದರೆ ಕುರೆ ಎಂಬ ಬಂದರು ನಗರ ಸಿಗುತ್ತದೆ. ಜಪಾನಿನ 'ಯಮಾಟೊ' ಯುದ್ಧನೌಕೆ ತಯಾರಾದದ್ದು ಇಲ್ಲಿಯೇ. 2016ರಲ್ಲಿ ಪತಿ ಮತ್ತು ಮಗನೊಂದಿಗೆ ನಾನಲ್ಲಿಗೆ ಹೋಗಿದ್ದೆ. 2005ರಲ್ಲಿ ತೆರೆದ ಮ್ಯೂಸಿಯಮ್ಮಿನಲ್ಲಿ ಆ ಹಡಗಿನ ಹತ್ತನೇ ಒಂದರಷ್ಟು ಗಾತ್ರದ ಮಾದರಿಯಿದೆ. ಅದರ ಉದ್ದವೇ 26.3 ಮೀಟರ್!

ಮಗ ಆಗ ಮನೆಯಲ್ಲಿ ಅದೇ ಹಡಗಿನ ಪ್ಲಾಸ್ಟಿಕ್ ಮಾದರಿ ಜೋಡಿಸುತ್ತಿದ್ದ. 350ರಲ್ಲಿ ಒಂದು ಪಾಲು. ಆದರೂ ಮುಕ್ಕಾಲು ಮೀಟರ್ ಉದ್ದ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಚು ಉಜ್ಜಿ, ಅಂಟು ಹಚ್ಚಿ, ಒಣಗಿದ ಮೇಲೆ ಬಣ್ಣ ಬಳಿಯಬೇಕು. ಅವಸರಪಟ್ಟರೆ ಕೆಟ್ಟಿತು. ತಾಳ್ಮೆ ಕಲಿಯುತ್ತಾನಲ್ಲ ಎಂದು ನನಗೂ ಖುಷಿ.

ಮ್ಯೂಸಿಯಮ್ಮಿನ ಒಳಗೆ ನಾವಿಕರು ಮನೆಗೆ ಬರೆದ ಕೊನೆಯ ಪತ್ರಗಳೂ ಇದ್ದವು. 1945ರ ಎಪ್ರಿಲ್ 7ರಂದು ಒಕಿನಾವಾದತ್ತ ಹೊರಟಿದ್ದ ಹಡಗನ್ನು ಅಮೆರಿಕದ ವಿಮಾನಗಳು ಮುಳುಗಿಸಿದವು. ಸತ್ತವರು 3,000ಕ್ಕೂ ಹೆಚ್ಚು.

"ಉಮ್ಮಾ, ನನ್ನ ಡಬ್ಬದಲ್ಲಿ ಮನುಷ್ಯರೇ ಇಲ್ಲ" ಎಂದ ಮಗ.

ಮನೆಗೆ ಮರಳಿ ಹಡಗನ್ನು ಪೂರ್ತಿ ಮಾಡಿದ. ಕಪಾಟಿನ ಮೇಲಿಟ್ಟು, ಕೆಳಗೊಂದು ಚೀಟಿ ಅಂಟಿಸಿದ: 'ಇದರಲ್ಲಿ 3,000ಕ್ಕೂ ಹೆಚ್ಚು ಮಂದಿ ಇದ್ದರು.'

ಧೂಳೊರೆಸುವಾಗಲೆಲ್ಲ ಅದನ್ನು ಓದುತ್ತೇನೆ. ಇನ್ನೊಂದು ಪತ್ರಕ್ಕಾಗಿ ಕಾದ ತಾಯಂದಿರ ನೆನಪಾಗುತ್ತದೆ.