ಬೇರೆ ಅರ್ಥ್ ಬೇಕಂತೆ

ಮೂರು ಫೇಸ್, ಒಂದು ನ್ಯೂಟ್ರಲ್. ನಾಲ್ಕೂ ವೈರುಗಳನ್ನು ಒಟ್ಟಿಗೆ ಟಾಂಗ್ ಟೆಸ್ಟರಿನ ಬಾಯಿಗೆ ಕೊಟ್ಟಾಗ ಸೊನ್ನೆ ಬಂತೆಂದರೆ ನನಗೆ ಹಬ್ಬ. ಹೋದ ಕರೆಂಟೆಲ್ಲ ವೈರಿನಲ್ಲೇ ಮರಳಿದೆ, ಅಡ್ಡದಾರಿ ಹಿಡಿದಿಲ್ಲ. ಮಿಲಿಆಂಪಿಯರ್ ಲೆಕ್ಕದ ಸೋರಿಕೆ ಬಂದರೆ ಡ್ರೈವ್‌ಗಳ ಫಿಲ್ಟರಿನದೆಂದು ಬಿಡಬಹುದು. ಪೀಣ್ಯದ ಒಂದು ಶೆಡ್ಡಿನಲ್ಲಿ ಮೊನ್ನೆ 6 ಆಂಪಿಯರ್ ಬಂತು. ಹುಡುಕುತ್ತ ಹೋದರೆ, ಮೂಲೆಯ ಸಬ್-ಪ್ಯಾನಲಿನಲ್ಲಿ ಯಾರೋ ನ್ಯೂಟ್ರಲ್ ಬಾರಿಗೂ ಅರ್ಥ್ ಬಾರಿಗೂ ಒಂದು ತುಂಡು ವೈರು ಬಿಗಿದಿದ್ದರು. ನ್ಯೂಟ್ರಲ್ಲಿನ ಕರೆಂಟು ಪಾಲಾಗಿ ಮಷೀನುಗಳ ಮೈ ಮೇಲೆ, ಜಿಐ ಪಟ್ಟಿಯ ಮೇಲೆ ಓಡಾಡುತ್ತಿತ್ತು. ಬಿಚ್ಚಿಸಿದೆ, ಸೊನ್ನೆ ಬಂತು. ಎರಡೂ ಸೇರಬೇಕಾದದ್ದು ಮೂಲದಲ್ಲಿ, ಟ್ರಾನ್ಸ್‌ಫಾರ್ಮರಿನ ಸ್ಟಾರ್ ಪಾಯಿಂಟಿನ ಹತ್ತಿರ ಮಾತ್ರ.

ಅಲ್ಲೇ ಇನ್ನೊಂದು ತಂಟೆ ಕಾದಿತ್ತು. ಹೊಸ ಸಿಎನ್‌ಸಿ ಮಷೀನು ಕೂರಿಸಲು ಬಂದಿದ್ದವರು, "ಸಾರ್, ನಮ್ಮ ಮಷೀನಿಗೆ ಬೇರೆ ಅರ್ಥ್ ಬೇಕು, ನಿಮ್ಮ ಅರ್ಥಿಗೆ ಸೇರಿಸಬೇಡಿ" ಎಂದರು. ಈ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. ಬೇರೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಆ ಪೈಪಿಗೆ ಮಷೀನನ್ನು ಒಂಟಿಯಾಗಿ ಕಟ್ಟಿದಿರಿ ಅನ್ನಿ. ಗುಂಡಿ 4 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ಲಿನ ಗುಂಡಿ 1 ಓಮ್. ಫೇಸ್ ಮೈಗೆ ತಗುಲಿದರೆ 230 ವೋಲ್ಟಿಗೆ ಹರಿಯುವುದು 46 ಆಂಪಿಯರ್. 63 ಆಂಪಿಯರಿನ ಬ್ರೇಕರ್ ಇದಕ್ಕೆ ಬೀಳುವುದೇ ಇಲ್ಲ! ಮಷೀನಿನ ಮೈ ಮೇಲೆ 184 ವೋಲ್ಟ್ ನಿಂತಿರುತ್ತದೆ, ಆಪರೇಟರ್ ಕೈ ಇಡುವವರೆಗೂ. ಅದೇ ಮೈಯಿಂದ ಸ್ಟಾರ್ ಪಾಯಿಂಟಿನವರೆಗೆ ಲೋಹದ ದಾರಿಯಿದ್ದು, ಇಡೀ ಸುತ್ತು 0.2 ಓಮಿನಷ್ಟಿದ್ದರೆ ಸಾವಿರ ಆಂಪಿಯರ್ ದಾಟುತ್ತದೆ, ಬ್ರೇಕರ್ ಕ್ಷಣದಲ್ಲಿ ಬೀಳುತ್ತದೆ. ಜೀವ ಉಳಿಸುವುದು ಆ ತಾಮ್ರ, ಆ ಜಿಐ ಪಟ್ಟಿ. ಎಷ್ಟು ಮೂಟೆ ಉಪ್ಪು ಸುರಿದರೂ ಮಣ್ಣು ತಾಮ್ರವಾಗದು, ಪೈಪು ಮಾತ್ರ ಬೇಗ ತುಕ್ಕು ಹಿಡಿಯುತ್ತದೆ. ಗುಂಡಿ ತೋಡಿಕೊಳ್ಳಿ, ಬೇಡವೆನ್ನುವುದಿಲ್ಲ. ಕಾರ್ಖಾನೆಯ ಅರ್ಥಿಗೆ ಜೋಡಿಸಿ, ಅಷ್ಟೇ. ಮಷೀನಿನ ಕಾರ್ಡು ಕೆಡುತ್ತದೆಂಬ ಹೆದರಿಕೆಗೆ ಆಪರೇಟರನ ಜೀವ ಒತ್ತೆಯಿಡುವ ಈ ಪದ್ಧತಿಯನ್ನು ಕೈಪಿಡಿಯಲ್ಲೇ ಅಚ್ಚು ಹಾಕಿ ತಂದರೂ ನಾನು ಒಪ್ಪುವುದಿಲ್ಲ.

ನ್ಯೂಟ್ರಲ್ಲಿನ ಸೊಬಗೇ ಬೇರೆ. ಮೂರು ಫೇಸಿನ ಕರೆಂಟು ಪರಸ್ಪರ 120 ಡಿಗ್ರಿ ದೂರ. ಸಮನಾಗಿದ್ದರೆ ಒಂದನ್ನೊಂದು ಅಳಿಸಿ, ನ್ಯೂಟ್ರಲ್ಲಿನಲ್ಲಿ ಏನೂ ಉಳಿಯದು. ಈ ನಂಬಿಕೆಯ ಮೇಲೇ ಮೂರೂವರೆ ಕೋರಿನ ಕೇಬಲ್ ನಡೆದುಬಂದದ್ದು, ನ್ಯೂಟ್ರಲ್ ಅರ್ಧ ದಪ್ಪ. ಆದರೆ ಕಂಪ್ಯೂಟರು, ಎಲ್‌ಇಡಿ ದೀಪ ಎಳೆಯುವ ಕರೆಂಟಿನಲ್ಲಿ 150 ಹರ್ಟ್ಸಿನ ಮೂರನೇ ಹಾರ್ಮೋನಿಕ್ ಇದೆ. ಅದಕ್ಕೆ 120 ಡಿಗ್ರಿ 360 ಆಗುತ್ತದೆ. ಅಳಿಯಬೇಕಾದ ಮೂರೂ ಒಂದೇ ತಾಳಕ್ಕೆ ಬಿದ್ದು ಕೂಡಿಕೊಳ್ಳುತ್ತವೆ. ಈ ಹಾರ್ಮೋನಿಕ್ಕೇ ಫೇಸಿಗೆ 20 ಆಂಪಿಯರ್ ಇದ್ದರೆ ನ್ಯೂಟ್ರಲ್ಲಿಗೆ 60. ಮೋಟರುಗಳ ಫೀಡರಿಗೆ ಮೂರೂವರೆ ಕೋರು ಇರಲಿ. ಆಫೀಸು, ದೀಪಗಳ ಫೀಡರಿಗೆ ಪೂರ್ತಿ ನಾಲ್ಕು ಕೋರು ಎಂದೇ ಬರೆಯುತ್ತೇನೆ. ಮಾಲೀಕರು ದರಪಟ್ಟಿ ಮುಂದೆ ಹಿಡಿದರೆ ಟಾಂಗ್ ಟೆಸ್ಟರನ್ನು ಅವರ ಕೈಗೇ ಕೊಟ್ಟು, ನ್ಯೂಟ್ರಲ್ಲಿಗೆ ಹಾಕಿ ನೋಡಿ ಎನ್ನುತ್ತೇನೆ.